ಸ್ಟೋರ್‌ನಲ್ಲಿ ಮಾರಾಟ ನಿಂತರೂ ಗೇಮ್ ನಮ್ಮ ಹತ್ತಿರ ಉಳಿಯಬೇಕಾದರೆ ಎಲ್ಲಿ ಕೊಳ್ಳಬೇಕು?

ನಾನೂ ನನ್ನ ತಂಗಿಯೂ ಹಳೇ ಫೋನಿನಲ್ಲಿ ಒಂದು ಪಜಲ್ ಗೇಮ್ ಆಡುತ್ತಿದ್ದೆವು. ದುಡ್ಡು ಕೊಟ್ಟು ತಗೊಂಡದ್ದು. ಕೊನೇ ಲೆವೆಲ್ ದಾಟುವ ಹೊತ್ತಿಗೆ ಅವಳ ಬೇಸಿಗೆ ರಜೆಯೇ ಮುಗಿದಿತ್ತು. ಎರಡು ವರ್ಷ ಬಿಟ್ಟು ಮನೆಗೆ ಹೊಸ ಫೋನ್ ಬಂತು. ಅದರಲ್ಲಿ ಹುಡುಕಿದರೆ ಗೇಮ್ ಸಿಗಲಿಲ್ಲ. ಕೊಂಡದ್ದಕ್ಕೆ ರಸೀದಿಯ ಇಮೇಲ್ ಇತ್ತು, ಗೇಮ್ ಇರಲಿಲ್ಲ. ಕಂಪನಿಗೆ ಬರೆದರೆ, ಅದನ್ನು ಈಗ ಕೊಡುತ್ತಿಲ್ಲ ಎಂದು ಒಂದೇ ಸಾಲಿನ ಉತ್ತರ. ಅಷ್ಟರಲ್ಲಿ ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಹೋಗಿ ಆಗಿತ್ತು.

ಅವತ್ತಿನಿಂದ ಗೇಮ್ ಕೊಳ್ಳುವ ಮುಂಚೆ ಬೆಲೆಯ ಜೊತೆಗೆ ಇನ್ನೊಂದನ್ನೂ ಯೋಚಿಸುತ್ತೇನೆ. ನಾಳೆ ಇದನ್ನು ಮಾರುವುದು ನಿಲ್ಲಿಸಿದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಸ್ಟೀಮ್‌ನಲ್ಲಿ ಸೇಲ್ ಇದೆ, ಗಾಗ್‌ನಲ್ಲಿ ಅದೇ ಗೇಮ್‌ಗೆ ಸ್ವಲ್ಪ ಜಾಸ್ತಿ (ಎರಡೂ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಸ್ಟೋರ್‌ಗಳು), ಪ್ಲೇಸ್ಟೇಷನ್ ಡಿಸ್ಕ್ ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ, ಯಾವುದು ತಗೊಳ್ಳಲಿ ಎಂದು ಕೇಳುವವರು ಬಹಳ ಜನ. ಇದು ಅವರಿಗಾಗಿ.

‘ಗೇಮ್ ಹೋಯ್ತು’ ಅಂದರೆ ಏನು ಹೋಯ್ತು?

ಮೊದಲು ಇದು ಸ್ಪಷ್ಟ ಆಗಬೇಕು. ಮೂರು ಬೇರೆ ಬೇರೆ ಸಂಗತಿಗಳಿಗೆ ನಾವು ಒಂದೇ ಮಾತು ಹೇಳುತ್ತೇವೆ.

ಒಂದು, ಬರೀ ಮಾರಾಟ ನಿಲ್ಲುವುದು. ಫೋರ್ಜಾ ಹೊರೈಜನ್ 4 ಗೊತ್ತಲ್ವಾ? 2018ರ ಕಾರ್ ರೇಸ್ ಗೇಮ್. 2024ರ ಡಿಸೆಂಬರ್ 15ಕ್ಕೆ ಅದರ ಮಾರಾಟ ನಿಂತಿತು. ಇಂಥ ಗೇಮ್‌ಗಳಲ್ಲಿರುವ ನಿಜವಾದ ಕಾರುಗಳು, ಹಾಡುಗಳು ಎಲ್ಲದಕ್ಕೂ ಕಂಪನಿ ಲೈಸೆನ್ಸ್ ಪಡೆದಿರುತ್ತದೆ. ಆ ಲೈಸೆನ್ಸಿನ ಅವಧಿ ಮುಗಿದರೆ ಹೊಸದಾಗಿ ಮಾರುವ ಹಾಗಿಲ್ಲ. ಮುಂಚೆ ಕೊಂಡವರಿಗೆ ಮಾತ್ರ ಡೌನ್‌ಲೋಡ್ ಸಿಗುತ್ತದೆ, ಆಟವೂ ನಡೆಯುತ್ತದೆ.

ಎರಡು, ಡೌನ್‌ಲೋಡ್ ಕೂಡ ನಿಲ್ಲುವುದು. 2014ರಲ್ಲಿ ಪ್ಲೇಸ್ಟೇಷನ್ 4 ಎಂಬ ಕನ್ಸೋಲ್‌ಗೆ, ಎಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ, ‘ಪಿ.ಟಿ.’ ಎಂಬ ಪುಟ್ಟ ಭಯಾನಕ ಗೇಮ್ ಬಂತು. ಅದು ಉಚಿತವಾಗಿತ್ತು. 2015ರ ಏಪ್ರಿಲ್‌ನಲ್ಲಿ ಅದನ್ನು ಸ್ಟೋರ್‌ನಿಂದ ತೆಗೆದರು. ಆಮೇಲೆ, ಮುಂಚೆ ಇಳಿಸಿಕೊಂಡಿದ್ದವರಿಗೂ ಮತ್ತೆ ಇಳಿಸಿಕೊಳ್ಳಲು ಬರಲಿಲ್ಲ. ಅದು ಒಳಗೇ ಉಳಿದಿದ್ದ ಹಳೇ ಕನ್ಸೋಲ್‌ಗಳನ್ನು ಜನ ದುಬಾರಿ ಬೆಲೆಗೆ ಮಾರಿದರು.

ಮೂರು, ಆಟವೇ ನಿಲ್ಲುವುದು. ಯೂಬಿಸಾಫ್ಟ್‌ನ ‘ದಿ ಕ್ರೂ’ 2014ರ ಗೇಮ್. ಒಬ್ಬರೇ ಆಡಿದರೂ ಅದಕ್ಕೆ ಸರ್ವರ್, ಎಂದರೆ ಇಂಟರ್ನೆಟ್ ಮೂಲಕ ಸಿಗುವ ಕಂಪನಿಯ ಕಂಪ್ಯೂಟರ್, ಬೇಕು. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಂತಿತು. 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದರು. ಡಿಸ್ಕ್ ಕೈಯಲ್ಲಿದ್ದವರಿಗೂ ಆಡಲು ಆಗಲಿಲ್ಲ.

ಈ ಮೂರನ್ನು ಬಿಡಿಸಿ ನೋಡಿದರೆ ಯಾವುದನ್ನು ಅಳೆಯಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಗೇಮಿನ ಫೈಲ್ ಪೂರ್ತಿಯಾಗಿ ನನ್ನ ಹತ್ತಿರ ಇಟ್ಟುಕೊಳ್ಳಬಹುದಾ? ಅದನ್ನು ಇನ್‌ಸ್ಟಾಲ್ ಮಾಡಲು, ಶುರು ಮಾಡಲು ಯಾರದಾದರೂ ಒಪ್ಪಿಗೆ ಬೇಕಾ? ಆಡುವಾಗ ಸರ್ವರ್ ಬೇಕಾ? ಅದು ಓಡುವ ಯಂತ್ರ ಹತ್ತು ವರ್ಷ ಆದ ಮೇಲೆ ಸಿಗುತ್ತಾ? ಬೇಡ ಅನ್ನಿಸಿದರೆ ಮಾರಲು, ತಮ್ಮನಿಗೆ ಕೊಡಲು ಬರುತ್ತಾ? ಕೊನೆಗೆ ದುಡ್ಡು. ಗೇಮಿನ ಬೆಲೆಯ ಜೊತೆಗೆ ಹಾರ್ಡ್ ಡಿಸ್ಕ್, ಇಂಟರ್ನೆಟ್ ಡೇಟಾ ಎರಡನ್ನೂ ಸೇರಿಸಿ ಲೆಕ್ಕ ಹಾಕಿ.

ಗಾಗ್: ಫೈಲ್ ನಿಮ್ಮ ಕೈಗೆ

ಉಳಿಸಿಕೊಳ್ಳುವುದೇ ಮುಖ್ಯ ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ‘ಗುಡ್ ಓಲ್ಡ್ ಗೇಮ್ಸ್’ ಎಂದು 2008ರಲ್ಲಿ ಪೋಲೆಂಡಿನಲ್ಲಿ ಶುರುವಾದ ಸ್ಟೋರ್. ಇಲ್ಲಿನ ಗೇಮ್‌ಗಳಿಗೆ ಡಿಆರ್‌ಎಂ ಇಲ್ಲ. ಎಂದರೆ, ‘ನೀನು ಕೊಂಡಿದ್ದೀಯಾ’ ಎಂದು ಪ್ರತಿ ಸಲ ವಿಚಾರಿಸುವ ಬೀಗ ಇಲ್ಲ. ಗ್ಯಾಲಕ್ಸಿ ಎಂಬ ಅವರದೇ ಆಪ್ ಇದೆ, ಅದು ಬೇಕಾದರೆ ಮಾತ್ರ.

ನಿಮಗೆ ಬೇಕಾದದ್ದು ‘ಆಫ್‌ಲೈನ್ ಇನ್‌ಸ್ಟಾಲರ್’. ವೆಬ್‌ಸೈಟಿನಲ್ಲಿ ನಿಮ್ಮ ಲೈಬ್ರರಿ ತೆರೆದು, ಗೇಮಿನ ಮೇಲೆ ಒತ್ತಿದರೆ ಸಿಗುತ್ತದೆ. ಚಿಕ್ಕ ಗೇಮ್ ಆದರೆ ಒಂದೇ ಫೈಲ್. ದೊಡ್ಡದಾದರೆ ಒಂದು ಸೆಟಪ್ ಫೈಲ್, ಅದರ ಜೊತೆಗೆ ಸುಮಾರು 4 ಜಿಬಿಯ ತುಂಡುಗಳು. ಒಂದು ತುಂಡು ಬಿಟ್ಟುಹೋದರೂ ಇನ್‌ಸ್ಟಾಲ್ ಆಗುವುದಿಲ್ಲ. ಹಾಗಾಗಿ ನಾನು ಪ್ರತಿ ಗೇಮ್‌ಗೂ ಬೇರೆ ಫೋಲ್ಡರ್ ಮಾಡಿ, ಒಳಗೆ ಎಷ್ಟು ಫೈಲ್ ಇರಬೇಕು ಎಂದು ಫೋಲ್ಡರ್ ಹೆಸರಿನಲ್ಲೇ ಬರೆದಿಡುತ್ತೇನೆ. ‘ವಿಚರ್ 3, ಡೌನ್‌ಲೋಡ್ ಮಾಡಿದ ದಿನ, ಇಷ್ಟು ಫೈಲ್’ ಎಂಬಂತೆ. ಡಿಎಲ್‌ಸಿ (ಗೇಮಿಗೆ ಆಮೇಲೆ ಬರುವ ಹೆಚ್ಚುವರಿ ಭಾಗ) ಬೇರೆ ಇದ್ದರೆ ಅದನ್ನೂ ಅಲ್ಲೇ ಹಾಕುತ್ತೇನೆ. ಈ ಅಭ್ಯಾಸ ನನಗೆ ಬಹಳ ಸಲ ಉಪಯೋಗಕ್ಕೆ ಬಂದಿದೆ.

2012ರ ‘ಸ್ಪೆಕ್ ಆಪ್ಸ್: ದಿ ಲೈನ್’ 2024ರ ಆರಂಭದಲ್ಲಿ ಸ್ಟೋರ್‌ಗಳಿಂದ ಹೋಯಿತು, ಗಾಗ್‌ನಿಂದಲೂ ಹೋಯಿತು. ಆದರೆ ಇನ್‌ಸ್ಟಾಲರ್ ತೆಗೆದಿಟ್ಟುಕೊಂಡವರು ಯಾರನ್ನೂ ಕೇಳಬೇಕಾಗಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ‘ವಾರ್‌ಕ್ರಾಫ್ಟ್’ ಮೊದಲ ಎರಡು ಗೇಮ್‌ಗಳ ಮಾರಾಟವೂ ಗಾಗ್‌ನಲ್ಲಿ ನಿಂತಿತು. ಮುಂಚೆ ಕೊಂಡವರ ಲೈಬ್ರರಿಯಲ್ಲಿ ಅವು ಉಳಿಯುತ್ತವೆ, ಹೊಸ ಕಂಪ್ಯೂಟರ್‌ಗಳಲ್ಲಿ ಓಡುವಂತೆ ನೋಡಿಕೊಳ್ಳುತ್ತೇವೆ ಎಂದು ಗಾಗ್ ಹೇಳಿತು. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಗೇಮ್‌ಗಳನ್ನು, ಅವನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಮ್ ಜೊತೆಗೇ ಕಟ್ಟಿ ಕೊಡುವುದರಿಂದ ನಾವು ಗುದ್ದಾಡಬೇಕಾಗಿಲ್ಲ.

ಇದರ ಕೊರತೆಗಳನ್ನೂ ಹೇಳಬೇಕು. ದೊಡ್ಡ ಹೊಸ ಗೇಮ್‌ಗಳಲ್ಲಿ ಎಷ್ಟೋ ಇಲ್ಲಿಗೆ ಬರುವುದೇ ಇಲ್ಲ. ಆಫ್‌ಲೈನ್ ಇನ್‌ಸ್ಟಾಲರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಹೊಸ ಪ್ಯಾಚ್ (ತಪ್ಪು ತಿದ್ದುವ ಫೈಲ್) ಬಂದಾಗ ನೀವೇ ಇಳಿಸಿಕೊಳ್ಳಬೇಕು. ಕೆಲವು ಗೇಮ್‌ಗಳಲ್ಲಿ ಗೆಳೆಯರ ಜೊತೆ ಆನ್‌ಲೈನ್ ಆಡಲು ಗ್ಯಾಲಕ್ಸಿ ಬೇಕು. ಕಾನೂನಿನ ಲೆಕ್ಕದಲ್ಲಿ ಇಲ್ಲಿಯೂ ನಮಗೆ ಸಿಗುವುದು ಲೈಸೆನ್ಸೇ. ಇನ್‌ಸ್ಟಾಲರನ್ನು ನಾಲ್ಕು ಜನಕ್ಕೆ ಹಂಚಿದರೆ ಅದು ತಪ್ಪೇ. ನಮ್ಮ ಸ್ವಂತಕ್ಕೆ ಬ್ಯಾಕಪ್ ಇಡುವುದು ಬೇರೆ. ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಪಡೆದವರು ಕಳೆದುಹೋಗದಂತೆ, ಹಾಳಾಗದಂತೆ ಬ್ಯಾಕಪ್ ಮಾಡಿಕೊಳ್ಳಲು ಭಾರತದ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಜಾಗ ಕೊಟ್ಟಿದೆ. ಬೀಗ ಒಡೆದರೆ ಶಿಕ್ಷೆಗೆ ಬೇರೆಯೇ ಸೆಕ್ಷನ್ ಇದೆ, ಆ ದಾರಿ ನಾನು ಹೇಳುವುದಿಲ್ಲ.

ಇನ್ನೊಂದು ಒಳ್ಳೆಯ ಅಂಶ ರೀಫಂಡ್. ಗಾಗ್‌ನಲ್ಲಿ 30 ದಿನ ಸಮಯ ಇದೆ. ಸ್ಟೀಮ್‌ನಲ್ಲಿ 14 ದಿನ, ಅದೂ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ.

ಸ್ಟೀಮ್: ಎಲ್ಲ ಸಿಗುತ್ತದೆ, ಕೀಲಿ ಅವರ ಹತ್ತಿರ

ನಮ್ಮಲ್ಲಿ ಹೆಚ್ಚಿನವರು ಪಿಸಿ ಗೇಮ್ ಕೊಳ್ಳುವುದು ಇಲ್ಲೇ. ಬೆಲೆ ರೂಪಾಯಿಯಲ್ಲಿದೆ, ಸೇಲ್ ಜಾಸ್ತಿ, ಗೆಳೆಯರೆಲ್ಲ ಅಲ್ಲೇ ಇದ್ದಾರೆ. ಮಾರಾಟ ನಿಂತ ಗೇಮ್‌ಗಳು ಕೊಂಡವರ ಲೈಬ್ರರಿಯಲ್ಲಿ ಸಾಮಾನ್ಯವಾಗಿ ಉಳಿಯುತ್ತವೆ, ಮತ್ತೆ ಇಳಿಸಿಕೊಳ್ಳಲೂ ಬರುತ್ತದೆ. ಮೊದಲ ಥರದ ‘ಹೋಗುವುದು’ ಇಲ್ಲಿ ದೊಡ್ಡ ತೊಂದರೆ ಅಲ್ಲ.

ತೊಂದರೆ ಬೇರೆ ಕಡೆ ಇದೆ. ಅಕೌಂಟೇ ಎಲ್ಲ. ಅಕೌಂಟ್ ಬ್ಯಾನ್ ಆದರೆ, ಇಮೇಲ್ ಕೈತಪ್ಪಿದರೆ ನೂರು ಗೇಮ್ ಒಟ್ಟಿಗೆ ಸಿಕ್ಕಿಬೀಳುತ್ತವೆ. ಅಕೌಂಟನ್ನು ಬೇರೆಯವರ ಹೆಸರಿಗೆ ಮಾಡಿಕೊಡಲು ನಿಯಮ ಒಪ್ಪುವುದಿಲ್ಲ. ಕೊಳ್ಳುವಾಗ ನಿಮಗೆ ಸಿಗುತ್ತಿರುವುದು ಲೈಸೆನ್ಸ್ ಎಂದು 2024ರ ಅಕ್ಟೋಬರ್‌ನಿಂದ ಸ್ಟೀಮ್ ಕಾರ್ಟ್‌ನಲ್ಲೇ ಬರೆದಿರುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ ಅಂಥ ಮಾಹಿತಿ ಕೊಡಲೇಬೇಕು ಎಂದು ಕಾಯ್ದೆ ಮಾಡಿದ ಹೊತ್ತಿನಲ್ಲೇ ಅದು ಬಂತು. ಆ ಸಾಲನ್ನು ಒಮ್ಮೆ ನಿಧಾನವಾಗಿ ಓದಿ.

ಹಳೇ ಕಂಪ್ಯೂಟರಿನ ಕಷ್ಟವೂ ಇದೆ. ವಿಂಡೋಸ್ 7, 8ಕ್ಕೆ ಸ್ಟೀಮ್ 2024ರ ಜನವರಿ 1ರಿಂದ ಬೆಂಬಲ ನಿಲ್ಲಿಸಿತು. ಹಳೇ ವಿಂಡೋಸ್‌ನಲ್ಲೇ ಚೆನ್ನಾಗಿ ಓಡುವ ಹಳೇ ಗೇಮ್‌ಗೆ ಇದು ಪೆಟ್ಟು. ಗೇಮಿಗೆ ಆ ಯಂತ್ರ ಸಾಕು, ಆದರೆ ಸ್ಟೀಮ್‌ಗೆ ಸಾಲದು.

ಅಪ್‌ಡೇಟ್ ಬಗ್ಗೆಯೂ ಯೋಚಿಸಬೇಕು. 2018ರ ಏಪ್ರಿಲ್‌ನಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ 4’ ಗೇಮಿನ ರೇಡಿಯೋದಿಂದ ಎಷ್ಟೋ ಹಾಡುಗಳು ಹೋದವು. ಹತ್ತು ವರ್ಷದ ಸಂಗೀತ ಲೈಸೆನ್ಸ್ ಮುಗಿದಿತ್ತು. ಮುಂಚೆ ಕೊಂಡವರ ಗೇಮ್ ಕೂಡ ಅಪ್‌ಡೇಟ್ ಆಗಿ ಬದಲಾಯಿತು. ಗೇಮ್ ಉಳಿಯಿತು, ಆದರೆ ಅವರು ಕೊಂಡ ಗೇಮ್ ಅದಲ್ಲ. ಆ ಗೇಮಿನ ಊರಿನ ರಸ್ತೆಗಳಲ್ಲಿ ಕಾರ್ ಓಡಿಸುತ್ತಾ ಆ ಹಾಡುಗಳನ್ನು ಕೇಳಿದವರಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಂತ ಸ್ಟೀಮ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಕೆಲವು ಗೇಮ್‌ಗಳಿಗೆ ಬೀಗವೇ ಇಲ್ಲ. ಇನ್‌ಸ್ಟಾಲ್ ಆದ ಫೋಲ್ಡರನ್ನು ಕಾಪಿ ಮಾಡಿಟ್ಟರೆ ಸ್ಟೀಮ್ ಇಲ್ಲದೆಯೂ ಓಡುತ್ತವೆ. ಯಾವುವು ಹಾಗಿವೆ ಎಂದು ಪಿಸಿ ಗೇಮಿಂಗ್ ವಿಕಿಯಲ್ಲಿ ಒಂದೊಂದು ಗೇಮಿನ ಪುಟದಲ್ಲೂ ಬರೆದಿರುತ್ತಾರೆ. ಸ್ಟೀಮ್ ಪುಟದ ಬಲಗಡೆ ಡೆನುವೋ ಥರದ ಬೇರೆ ಡಿಆರ್‌ಎಂ ಇದೆಯಾ, ಬೇರೆ ಕಂಪನಿಯ ಅಕೌಂಟ್ ಬೇಕಾ ಎಂದೂ ಇರುತ್ತದೆ. ಎರಡು ಬೀಗ ಇರುವ ಗೇಮನ್ನು ನಾನು ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ.

ಸ್ಟೀಮ್‌ನಲ್ಲೇ ಬ್ಯಾಕಪ್ ಸೌಲಭ್ಯ ಇದೆಯಲ್ಲಾ ಎಂದು ಕೇಳಬಹುದು. ಅದರಿಂದ ಡೇಟಾ ಉಳಿಯುತ್ತದೆ ಅಷ್ಟೇ. ವಾಪಸ್ ಹಾಕಲು ಮತ್ತೆ ಸ್ಟೀಮೇ ಬೇಕು.

ಡಿಸ್ಕ್

ಮಾರಬಹುದು, ಕೊಡಬಹುದು, ಎರವಲು ತರಬಹುದು. ಈ ಒಂದು ಗುಣ ಬೇರೆ ಯಾವುದಕ್ಕೂ ಇಲ್ಲ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ ಥರದ ಕಡೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಹುಡುಕಿ, ಆಡಿ ಮುಗಿಸಿ, ಮತ್ತೆ ಮಾರಿ ಇನ್ನೊಂದು ತರುವ ಹುಡುಗರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಸ್ಟೋರ್‌ನಿಂದ ಹೋದ ಗೇಮ್ ಕೂಡ ಡಿಸ್ಕ್ ಆಗಿ ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತದೆ.

ಆದರೆ ಡಿಸ್ಕ್‌ನಲ್ಲಿ ಪೂರ್ತಿ ಗೇಮ್ ಇದೆಯಾ ಎಂದು ಮೊದಲು ನೋಡಿ. ಬಿಡುಗಡೆಯ ದಿನವೇ ದೊಡ್ಡ ಪ್ಯಾಚ್ ಬರುವ ಗೇಮ್‌ಗಳಲ್ಲಿ ಡಿಸ್ಕ್‌ನಲ್ಲಿರುವುದು ತಪ್ಪುಗಳು ತುಂಬಿದ ಮೊದಲ ಆವೃತ್ತಿ. ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್‌ನ ಕೆಲವು ಡಿಸ್ಕ್‌ಗಳಲ್ಲಿ ಸ್ವಲ್ಪವೇ ಇರುತ್ತದೆ, ಉಳಿದದ್ದು ಇಂಟರ್ನೆಟ್‌ನಿಂದ ಬರಬೇಕು. 2025ರಲ್ಲಿ ಬಂದ ನಿಂಟೆಂಡೋ ಸ್ವಿಚ್ 2ರಲ್ಲಿ ‘ಗೇಮ್ ಕೀ ಕಾರ್ಡ್’ ಎಂಬುದಿದೆ. ಕಾರ್ಡಿನಲ್ಲಿ ಗೇಮ್ ಇಲ್ಲ, ಬರೀ ಕೀಲಿ. ಅದನ್ನು ಮಾರಬಹುದು, ಆದರೆ ಡೌನ್‌ಲೋಡ್ ನಿಂತ ದಿನ ಅದರಿಂದ ಉಪಯೋಗ ಇಲ್ಲ. ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿಯೇ ದುಡ್ಡು ಕೊಡಿ.

ಹಳೇ ಪಿಸಿ ಡಿಸ್ಕ್ ಇದ್ದವರಿಗೆ ಒಂದು ಮಾತು. ಸೇಫ್‌ಡಿಸ್ಕ್ ಎಂಬ ಬೀಗ ಇದ್ದ ಗೇಮ್‌ಗಳು ವಿಂಡೋಸ್ 10 ಬಂದ ಮೇಲೆ ಓಡುವುದಿಲ್ಲ. ಡಿಸ್ಕ್ ಚೆನ್ನಾಗಿಯೇ ಇದ್ದರೂ ಅಷ್ಟೇ. ಅವುಗಳಲ್ಲಿ ಪ್ರೀತಿಯದು ಗಾಗ್‌ನಲ್ಲಿ ಇದ್ದರೆ ಸೇಲ್‌ನಲ್ಲಿ ಇನ್ನೊಮ್ಮೆ ಕೊಳ್ಳುವುದೇ ಸರಿ.

ಹೊರದೇಶಕ್ಕೆ ಹೊರಟವರು ಕೇಳುತ್ತಿರುತ್ತಾರೆ, ಇಲ್ಲಿನ ಡಿಸ್ಕ್ ಅಲ್ಲಿ ನಡೆಯುತ್ತಾ ಎಂದು. ಪ್ಲೇಸ್ಟೇಷನ್ 4, 5ರ ಗೇಮ್ ಡಿಸ್ಕ್‌ಗೆ ಪ್ರದೇಶದ ಬೀಗ ಇಲ್ಲ. ಆದರೆ ಡಿಎಲ್‌ಸಿ ಕೊಳ್ಳುವಾಗ ಡಿಸ್ಕ್ ಯಾವ ಪ್ರದೇಶದ್ದೋ ಅದೇ ಪ್ರದೇಶದ ಅಕೌಂಟ್ ಇರಬೇಕು.

ಕನ್ಸೋಲ್‌ನ ಡಿಜಿಟಲ್ ಸ್ಟೋರ್

ಉಳಿಸಿಕೊಳ್ಳುವ ದೃಷ್ಟಿಯಿಂದ ನನಗೆ ಜಾಸ್ತಿ ಆತಂಕ ಇಲ್ಲೇ. ಗೇಮ್, ಯಂತ್ರ, ಅಕೌಂಟ್ ಮೂರೂ ಒಂದೇ ಕಂಪನಿಯ ಕೈಯಲ್ಲಿ. ನಿಂಟೆಂಡೋ 3ಡಿಎಸ್ ಮತ್ತು ವೀ ಯು ಸ್ಟೋರ್‌ನಲ್ಲಿ 2023ರ ಮಾರ್ಚ್‌ನಲ್ಲಿ ಖರೀದಿ ನಿಂತಿತು. ಎಕ್ಸ್‌ಬಾಕ್ಸ್ 360 ಸ್ಟೋರ್ 2024ರ ಜುಲೈ 29ಕ್ಕೆ ಮುಚ್ಚಿತು. ಪ್ಲೇಸ್ಟೇಷನ್ 3, ವೀಟಾ ಸ್ಟೋರ್‌ಗಳನ್ನೂ ಮುಚ್ಚುತ್ತೇವೆ ಎಂದು ಸೋನಿ 2021ರ ಮಾರ್ಚ್‌ನಲ್ಲಿ ಹೇಳಿತ್ತು. ಆಟಗಾರರು ಗಟ್ಟಿಯಾಗಿ ವಿರೋಧಿಸಿದ ಮೇಲೆ ಏಪ್ರಿಲ್‌ನಲ್ಲಿ ಆ ನಿರ್ಧಾರ ಹಿಂತೆಗೆದುಕೊಂಡಿತು. ದನಿ ಎತ್ತಿದರೆ ಉಪಯೋಗ ಇದೆ ಎಂದು ನಾನು ಅವತ್ತು ನಂಬಿದೆ, ಈಗಲೂ ನಂಬುತ್ತೇನೆ.

ಸ್ಟೋರ್ ಮುಚ್ಚಿದಾಗ, ಕೊಂಡದ್ದನ್ನು ಮತ್ತೆ ಇಳಿಸಿಕೊಳ್ಳಲು ನಿಂಟೆಂಡೋ, ಎಕ್ಸ್‌ಬಾಕ್ಸ್ ಎರಡೂ ಅವಕಾಶ ಬಿಟ್ಟವು. ಅದು ಶಾಶ್ವತ ಎಂದು ಯಾರೂ ಮಾತು ಕೊಟ್ಟಿಲ್ಲ. ನಿಮ್ಮ ಹತ್ತಿರ ಇಂಥ ಕನ್ಸೋಲ್ ಅಟ್ಟದ ಮೇಲಿದ್ದರೆ ಕೆಳಗಿಳಿಸಿ, ಕೊಂಡ ಎಲ್ಲವನ್ನೂ ಡೌನ್‌ಲೋಡ್ ಮಾಡಿ ಇಡಿ. ಪ್ಲೇಸ್ಟೇಷನ್ 4 ಆದರೆ ಅದನ್ನು ನಿಮ್ಮ ಅಕೌಂಟಿನ ಪ್ರೈಮರಿ ಕನ್ಸೋಲ್ ಮಾಡಿ. ಆಗ ಇಂಟರ್ನೆಟ್ ಇಲ್ಲದಿದ್ದರೂ ಗೇಮ್ ತೆರೆಯುತ್ತದೆ.

ಒಂದು ಕಡೆ ಎಕ್ಸ್‌ಬಾಕ್ಸ್ ಮುಂದಿದೆ. 360ರಲ್ಲಿ ಕೊಂಡ ಎಷ್ಟೋ ಗೇಮ್‌ಗಳು ಹೊಸ ಎಕ್ಸ್‌ಬಾಕ್ಸ್‌ನಲ್ಲೂ ಓಡುತ್ತವೆ. ಯಂತ್ರ ಸತ್ತರೂ ಗೇಮ್ ಮುಂದಿನ ಯಂತ್ರಕ್ಕೆ ಬರುತ್ತದೆ. ಡಿಜಿಟಲ್ ಆಗಿಯೇ ಕೊಳ್ಳುವುದಾದರೆ ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಗೇಮ್ ಪಾಸ್ ಥರದ ಚಂದಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಬಾಡಿಗೆ. ಹತ್ತು ಗೇಮ್ ರುಚಿ ನೋಡಲು ಬಹಳ ಒಳ್ಳೆಯದು, ಉಳಿಸಿಕೊಳ್ಳಲು ಅಲ್ಲ. ಫೋನಿನ ಗೇಮ್ ಕೂಡ ಹಾಗೇ ಎಂದುಕೊಂಡು ಕೊಳ್ಳಿ. 2017ರಲ್ಲಿ ಐಫೋನ್‌ಗೆ ಐಒಎಸ್ 11 ಬಂದಾಗ 32 ಬಿಟ್‌ನ ಹಳೇ ಆಪ್‌ಗಳೆಲ್ಲ ಒಮ್ಮೆಲೇ ನಿಂತುಹೋದವು.

ಸರ್ವರ್ ಬೇಕಾದ ಗೇಮ್

ಇಲ್ಲಿ ಯಾವ ಸ್ಟೋರ್ ಆರಿಸಿಕೊಂಡರೂ ಒಂದೇ. ‘ದಿ ಕ್ರೂ’ ಮುಚ್ಚಿದ ಮೇಲೆ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಶುರು ಮಾಡಿದರು. ಬೆಂಬಲ ನಿಲ್ಲಿಸುವ ಕಂಪನಿ ಗೇಮನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು ಎಂಬುದು ಅವರ ಬೇಡಿಕೆ. ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕಾಗಿ ನಡೆದ ಅರ್ಜಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕಿಂತ ಜಾಸ್ತಿ ಸಹಿ ಬಿದ್ದವು. ಈ ಮಧ್ಯೆ, 2024ರ ಸೆಪ್ಟೆಂಬರ್‌ನಲ್ಲಿ, ‘ದಿ ಕ್ರೂ 2’ಕ್ಕೆ ಆಫ್‌ಲೈನ್ ಮೋಡ್ ಕೊಡುತ್ತೇವೆ ಎಂದು ಯೂಬಿಸಾಫ್ಟ್ ಹೇಳಿತು. ಅದು ಮೊದಲ ಗೇಮಿಗೆ ಸಿಗಲಿಲ್ಲವಲ್ಲಾ ಎಂದು ನನಗೆ ಈಗಲೂ ಬೇಜಾರು. ಒಬ್ಬರೇ ಆಡುವ ಗೇಮಿಗೂ ‘ಇಂಟರ್ನೆಟ್ ಸದಾ ಬೇಕು’ ಎಂದು ಬರೆದಿದ್ದರೆ, ಅದಕ್ಕೆ ಕೊಡುವ ದುಡ್ಡನ್ನು ಸಿನಿಮಾ ಟಿಕೆಟ್ ಎಂದು ಭಾವಿಸಿ, ಅಷ್ಟೇ ಕೊಡಿ.

ಹಾಗಾದರೆ ನಿಮಗೆ ಯಾವುದು?

ಹಾಸ್ಟೆಲ್‌ನಲ್ಲಿದ್ದೀರಿ, 512 ಜಿಬಿಯ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್. ಹಾಗಿದ್ದರೆ ಸ್ಟೀಮ್ ಸೇಲ್‌ನಲ್ಲಿ ಆಡಿ. ಬಹಳ ಇಷ್ಟವಾದ ಒಂದೆರಡು ಚಿಕ್ಕ ಗೇಮ್‌ಗಳನ್ನು ಮಾತ್ರ ಗಾಗ್‌ನಲ್ಲಿ ತಗೊಳ್ಳಿ. ‘ಸ್ಟಾರ್‌ಡ್ಯೂ ವ್ಯಾಲಿ’ಯಂಥದ್ದು ಪೆನ್ ಡ್ರೈವ್‌ನಲ್ಲೂ ಹಿಡಿಸುತ್ತದೆ. ‘ಬಾಲ್ಡರ್ಸ್ ಗೇಟ್ 3’ಗೆ ಸುಮಾರು 150 ಜಿಬಿ ಬೇಕು. ಅದನ್ನು ದಿನದ ಡೇಟಾ ಪ್ಯಾಕ್‌ನಲ್ಲಿ ಇಳಿಸಿ ಬ್ಯಾಕಪ್ ಮಾಡುತ್ತೇನೆ ಎಂದು ಹೊರಡಬೇಡಿ, ಊರಿಗೆ ಹೋದಾಗ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಮಾಡಿ.

ಮಕ್ಕಳಿದ್ದಾರೆ, ಟಿವಿಗೆ ಕನ್ಸೋಲ್ ಇದೆ, ತಿಂಗಳ ಖರ್ಚಿನ ಲೆಕ್ಕ ಬಿಗಿ. ಡಿಸ್ಕ್ ಡ್ರೈವ್ ಇರುವ ಮಾಡೆಲ್ಲನ್ನೇ ತಗೊಳ್ಳಿ. ಶುರುವಿನಲ್ಲಿ ಬೆಲೆ ಸ್ವಲ್ಪ ಜಾಸ್ತಿ, ಆದರೆ ಸೆಕೆಂಡ್ ಹ್ಯಾಂಡ್ ಡಿಸ್ಕ್‌ನಲ್ಲಿ ಅದು ವಾಪಸ್ ಬರುತ್ತದೆ. ಡಿಸ್ಕ್ ಇಲ್ಲದ ಮಾಡೆಲ್‌ನಲ್ಲಿ ಒಮ್ಮೆ ಸಿಕ್ಕಿಕೊಂಡರೆ ಆ ಸ್ಟೋರ್ ಹೇಳಿದ ಬೆಲೆಯೇ ಬೆಲೆ.

ಹತ್ತು ವರ್ಷ ಬಿಟ್ಟು ಮಗಳಿಗೆ ತೋರಿಸಬೇಕು ಅನ್ನುವಂಥ ಗೇಮ್ ಇದ್ದರೆ, ಗಾಗ್‌ನಲ್ಲಿ ಎರಡು ಪಟ್ಟು ಬೆಲೆ ಇದ್ದರೂ ನಾನು ಅಲ್ಲೇ ಕೊಳ್ಳುತ್ತೇನೆ. ಅಂಥವು ಒಬ್ಬೊಬ್ಬರಿಗೆ ಎಷ್ಟಿರುತ್ತವೆ? ನನಗೆ ಹದಿನಾಲ್ಕು. ಅಷ್ಟಕ್ಕೂ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕಾಯಿತು. ಅದೇ ಥರದ ಇನ್ನೊಂದು ತಂಗಿಯ ಮನೆಯ ಬೀರುವಿನಲ್ಲಿದೆ. ಒಂದೇ ಕಾಪಿ ಇಟ್ಟು ನಂಬಬೇಡಿ, ಹಾರ್ಡ್ ಡಿಸ್ಕ್ ಬಿದ್ದರೆ ಹೋಯ್ತು. ವರ್ಷಗಟ್ಟಲೆ ಕರೆಂಟ್ ಕಾಣದೆ ಇರುವ ಪೆನ್ ಡ್ರೈವ್, ಎಸ್‌ಎಸ್‌ಡಿಗಳಲ್ಲಿ ಡೇಟಾ ಅಳಿದುಹೋಗಬಹುದು. ಹಾಗಾಗಿ ದೀರ್ಘ ಕಾಲಕ್ಕೆ ತಿರುಗುವ ಹಾರ್ಡ್ ಡಿಸ್ಕೇ ಮೇಲು. ಗೇಮ್ ಜೊತೆ ಸೇವ್ ಫೈಲ್ (ನೀವು ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ) ಕೂಡ ಕಾಪಿ ಮಾಡಿ. ಎಷ್ಟೋ ಜನ ಅದನ್ನು ಮರೆಯುತ್ತಾರೆ.

ಬ್ಯಾಕಪ್ ಮಾಡಿದ್ದನ್ನು ಒಮ್ಮೆ ಪರೀಕ್ಷೆ ಮಾಡಿ. ಬೇರೆ ಲ್ಯಾಪ್‌ಟಾಪ್ ತಗೊಳ್ಳಿ, ವೈಫೈ ಆಫ್ ಮಾಡಿ, ಹಾರ್ಡ್ ಡಿಸ್ಕ್‌ನಿಂದ ಇನ್‌ಸ್ಟಾಲ್ ಮಾಡಿ ಐದು ನಿಮಿಷ ಆಡಿ. ನಾನು ಹೋದ ದೀಪಾವಳಿಗೆ ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಹದಿನಾಲ್ಕನ್ನೂ ಹಾಕಿ ನೋಡಿದೆ. ಹನ್ನೆರಡು ಸಲೀಸಾಗಿ ತೆರೆದವು. ಒಂದರಲ್ಲಿ ಒಂದು ತುಂಡು ಫೈಲ್ ಬಿಟ್ಟುಹೋಗಿತ್ತು, ಅವತ್ತೇ ಮತ್ತೆ ಇಳಿಸಿದೆ. ಇನ್ನೊಂದು ಸ್ಟೀಮ್‌ನಿಂದ ಕಾಪಿ ಮಾಡಿದ್ದು, ಲಾಗಿನ್ ಕೇಳಿತು. ಅದರ ಮುಂದೆ ನೋಟ್‌ಬುಕ್‌ನಲ್ಲಿ ‘ನೆಟ್ ಬೇಕು, ಗಾಗ್‌ನಲ್ಲಿ ಸೇಲ್ ಬಂದಾಗ ನೋಡು’ ಎಂದು ತಂಗಿಯೇ ಬರೆದಿದ್ದಾಳೆ.